ಬಿಳಿ ಚುಕ್ಕೆಯೂ ಅನುಮಾನವೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಊರವರು ಅಕ್ಷರಗುಂಡು ಎಂದು ಕರೆಯುತ್ತ ಬಂದ ಬಂಡೆಯೊಂದಿದೆ. ಅದರ ಮೇಲಿನ ಗೀರುಗಳು ಅಶೋಕನ ಶಾಸನ ಎಂಬುದನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಹೊರಜಗತ್ತಿಗೆ ತಿಳಿಸಿದರು. ಕರ್ನಾಟಕದ ನೆಲದಲ್ಲಿ ಸಿಕ್ಕ ಅತಿ ಹಳೆಯ ಬರಹಗಳ ಸಾಲಿಗೆ ಸೇರಿದ ಈ ಶಾಸನ ಧರ್ಮೋಪದೇಶದಿಂದ ಶುರುವಾಗುವುದಿಲ್ಲ. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರ ಪರವಾಗಿ ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯದ ಮಾತು ಹೇಳಬೇಕು, ಕುಶಲ ಕೇಳಬೇಕು. ಅರಸನ ಅಪ್ಪಣೆ ಏನಿದ್ದರೂ ಆಮೇಲೆ. ಇನ್ನೊಬ್ಬರ ಆರೋಗ್ಯ ತಿಳಿಯಲು ಅಂದು ಇದ್ದ ಮುಖ್ಯ ದಾರಿ ಅದೇ: ಇವರು ಕೇಳಬೇಕು, ಅವರು ಹೇಳಬೇಕು. ಈಗ ಕೇಳದೆಯೂ ತಿಳಿಯುವ ಯಂತ್ರಗಳು ಬಂದಿವೆ. ಅವು ಹೇಳಿದ್ದಕ್ಕೂ ರೋಗಿ ಹೇಳಿದ್ದಕ್ಕೂ ತಾಳೆಯಾಗದಿದ್ದಾಗ ಯಾರ ಮಾತು ನಂಬಬೇಕು ಎಂಬುದು ವೈದ್ಯಶಾಸ್ತ್ರದ ಪ್ರಶ್ನೆ ಎಂದು ಮೇಲ್ನೋಟಕ್ಕೆ ತೋರುತ್ತದೆ. ಒಳಗಿಳಿದು ನೋಡಿದರೆ ಅದು ನಮ್ಮ ದರ್ಶನಕಾರರು ಪ್ರಮಾಣ ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ಜಗಳಾಡಿದ ಪ್ರಶ್ನೆಯೇ. ತಿಳಿವು ಯಾವ ಬಾಗಿಲಿನಿಂದ ಬಂದರೆ ಎಷ್ಟು ನಂಬಬೇಕು?

ಈ ಜಗಳ ಅತಿ ಸ್ಪಷ್ಟವಾಗಿ ಕಾಣುವುದು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ಕಾಯಿಲೆಯಲ್ಲಿ. ಮೆದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ದೇಹವನ್ನು ಕಾಯಬೇಕಾದ ರಕ್ಷಣಾ ಕಣಗಳೇ ತಿರುಗಿಬಿದ್ದು ಆ ಹೊದಿಕೆಯನ್ನು ಅಲ್ಲಲ್ಲಿ ಕಿತ್ತುಹಾಕುತ್ತವೆ. ಒಂದು ಕಣ್ಣು ಮಂಜಾಗುತ್ತದೆ, ವಾರಗಳಲ್ಲಿ ತಿಳಿಯಾಗುತ್ತದೆ. ವರ್ಷ ಕಳೆದ ಮೇಲೆ ಕಾಲು ಎಳೆಯುತ್ತದೆ, ಮತ್ತೆ ಸುಧಾರಿಸುತ್ತದೆ. ಕೆಲವರಲ್ಲಿ ಒಂದು ಹಂತದ ಮೇಲೆ ಸುಧಾರಣೆ ನಿಂತುಹೋಗುತ್ತದೆ. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ ಶುರು, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಹೆಚ್ಚು. ಪ್ಯಾರಿಸಿನ ವೈದ್ಯ ಷಾರ್ಕೋ 1868ರಲ್ಲಿ ಇದಕ್ಕೆ ಸ್ಪಷ್ಟ ರೂಪ ಕೊಟ್ಟ ಮೇಲೆ ಬಹುಕಾಲ ಇದು ಬಿಳಿಯರ ಕಾಯಿಲೆ ಎಂದೇ ನಮ್ಮಲ್ಲಿ ತಿಳಿದಿದ್ದರು. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ನಗರದ ಮಟ್ಟಿಗೆ ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದಾಗ ಲಕ್ಷಕ್ಕೆ ಎಂಟರಷ್ಟು ಮಂದಿ ಸಿಕ್ಕರು. ಯುರೋಪಿಗೆ ಹೋಲಿಸಿದರೆ ಕಡಿಮೆಯೇ, ಆದರೆ ಇಲ್ಲವೇ ಇಲ್ಲ ಎಂಬ ಮಾತು ಅಲ್ಲಿಗೆ ಮುಗಿಯಿತು. ಮೊಳಕಾಲ್ಮೂರಿನ ನೆರೆಯ ಚಳ್ಳಕೆರೆ ಕಡೆಯವರಿಗೆ ಈ ಕಾಯಿಲೆಯ ಹೆಸರು ಕಿವಿಗೆ ಬೀಳುವುದು ದಾವಣಗೆರೆಯಲ್ಲೋ ಬಳ್ಳಾರಿಯಲ್ಲೋ, ಇಲ್ಲವೇ ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ, ಅದೂ ಬಹುಮಟ್ಟಿಗೆ ಎಂಆರ್‌ಐ ಆದ ಮೇಲೆ.

ಎಂಆರ್‌ಐ ಎಂದರೆ ತಲೆಯ ಫೋಟೋ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನಡೆಯುವುದೇ ಬೇರೆ. ನಮ್ಮ ದೇಹದ ನೀರಿನಲ್ಲಿ ಜಲಜನಕದ ಪರಮಾಣುಗಳಿವೆ. 1.5 ಟೆಸ್ಲಾ ಶಕ್ತಿಯ ಅಯಸ್ಕಾಂತದ ಕೊಳವೆಯೊಳಗೆ ಅವುಗಳ ಬೀಜಕಣಗಳು ಸೆಕೆಂಡಿಗೆ ಸುಮಾರು 6.4 ಕೋಟಿ ಬಾರಿ ಬುಗುರಿಯಂತೆ ಓಲಾಡುತ್ತವೆ. ಅದೇ ಲಯದ ರೇಡಿಯೋ ಅಲೆ ಕಳಿಸಿ ತಳ್ಳಿದರೆ ವಾಲುತ್ತವೆ, ಬಿಟ್ಟರೆ ಮೊದಲಿನಂತೆ ನಿಲ್ಲುತ್ತವೆ, ನಿಲ್ಲುವಾಗ ಕ್ಷೀಣವಾದ ಸದ್ದೊಂದನ್ನು ಹಿಂದಕ್ಕೆ ಕೊಡುತ್ತವೆ. ಯಾವ ಜಾಗದಿಂದ ಎಷ್ಟು ಸದ್ದು, ಎಷ್ಟು ಹೊತ್ತಿಗೆ ಅಡಗಿತು ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕಿ ಹೆಚ್ಚಿಗೆ ಬಿಳಿ, ಕಡಿಮೆಗೆ ಕಪ್ಪು ಬಳಿಯುತ್ತದೆ. ಮೆದುಳಿನಲ್ಲಿ ಬಿಳಿ ಚುಕ್ಕೆ ಎಂಬ ವಸ್ತು ಇಲ್ಲ. ಇಲ್ಲಿ ನೀರು ಇರಬೇಕಾದ್ದಕ್ಕಿಂತ ಹೆಚ್ಚಾಗಿದೆ ಎಂಬ ಸುದ್ದಿಗೆ ನಾವು ಕೊಟ್ಟ ಬಣ್ಣ ಅದು. ಆ ನೀರು ಹೊಸ ಉರಿಯೂತದ್ದೋ, ಹೊದಿಕೆ ಕಿತ್ತುಹೋದದ್ದರದೋ, ಮಾಗಿದ ಹಳೇ ಗಾಯದ್ದೋ, ಅರ್ಧಂಬರ್ಧ ರಿಪೇರಿಯಾದ ತಂತುಗಳದ್ದೋ, ಚುಕ್ಕೆ ಹೇಳುವುದಿಲ್ಲ. ರಕ್ತನಾಳಕ್ಕೆ ಗ್ಯಾಡೋಲಿನಿಯಂ ಎಂಬ ಔಷಧ ಕೊಟ್ಟರೆ ಒಂದು ಸುಳಿವು ಹೆಚ್ಚು ಸಿಗುತ್ತದೆ. ಮೆದುಳಿನ ರಕ್ತನಾಳಗಳ ಗೋಡೆ ಗಟ್ಟಿಯಾಗಿದ್ದಲ್ಲಿ ಅದು ಹೊರಗೆ ಬರದು. ಉರಿಯೂತದಿಂದ ಗೋಡೆ ಸೋರುವಲ್ಲಿ ಜಿನುಗಿ ಹೊಳೆಯುತ್ತದೆ. ಹೊಳೆಯುವ ಗಾಯ ಹೆಚ್ಚೆಂದರೆ ಕೆಲವು ವಾರಗಳದು, ಹೊಳೆಯದ್ದು ಹಳೆಯದು. ಹೀಗೆ ಒಂದೇ ದಿನದ ಚಿತ್ರದಲ್ಲಿ ಎರಡು ಕಾಲಗಳನ್ನು ಓದಬಹುದು. ಈ ರೋಗವನ್ನು ಖಚಿತಪಡಿಸುವ ನಿಯಮಗಳು ಬಹುಕಾಲ ಕೇಳುತ್ತ ಬಂದದ್ದೂ ಅದನ್ನೇ: ಗಾಯ ದೇಶದಲ್ಲೂ ಚದುರಿರಬೇಕು, ಕಾಲದಲ್ಲೂ ಚದುರಿರಬೇಕು.

ಹಾಗಾದರೆ ಸ್ಕ್ಯಾನ್ ನೋಡುವುದು ಪ್ರತ್ಯಕ್ಷವಲ್ಲ, ಅನುಮಾನ. ಈ ಶಬ್ದ ನಮ್ಮ ಬಾಯಲ್ಲಿ ಎರಡು ಕವಲಾಗಿದೆ. ನ್ಯಾಯದರ್ಶನದ ನೈಯಾಯಿಕರಿಗೆ ಅನುಮಾನ ಎಂದರೆ ಹೊಗೆ ಕಂಡು ಬೆಂಕಿ ತಿಳಿಯುವ ಗಟ್ಟಿಯಾದ ತಿಳಿವು. ನಮ್ಮ ಬೀದಿಯಲ್ಲಿ ಅನುಮಾನ ಎಂದರೆ ಗುಮಾನಿ, ನಂಬಿಕೆಯ ಕೊರತೆ. ಎಂಎಸ್ ರೋಗಿಯ ಪಾಡು ಈ ಎರಡು ಅರ್ಥಗಳ ನಡುವೆ ಸಿಕ್ಕಿಬಿದ್ದಿದೆ ಎಂದರೆ ತಪ್ಪಾಗದು. ಮೊದಲ ಅರ್ಥದ ಅನುಮಾನವನ್ನು ಪ್ರತ್ಯಕ್ಷ ಎಂದು ತಪ್ಪು ತಿಳಿದಾಗಲೇ ರೋಗಿಯ ಮೇಲೆ ಎರಡನೇ ಅರ್ಥದ ಅನುಮಾನ ಬೀಳುತ್ತದೆ. ಚಿತ್ರದಲ್ಲಿ ಕಣ್ಣಾರೆ ಕಂಡೆ, ಏನೂ ಇಲ್ಲ ಎಂದು ವೈದ್ಯರಿಗೆ ಅನ್ನಿಸಿದ ಕ್ಷಣದಿಂದ ಕಾಲೆಳೆಯುತ್ತಿದೆ ಎನ್ನುವವಳ ಮಾತು ಗುಮಾನಿಗೆ ಒಳಗಾಗುತ್ತದೆ.

ಇದಕ್ಕೆ ತಕ್ಷಣ ಬರುವ ಆಕ್ಷೇಪ ಗೊತ್ತಿದೆ. ಕನ್ನಡಕವೂ ಉಪಕರಣ, ಸೂಕ್ಷ್ಮದರ್ಶಕವೂ ಉಪಕರಣ; ಕಣ್ಣೇ ಒಂದು ಉಪಕರಣ. ನಡುವೆ ಯಂತ್ರ ಬಂತು ಎಂದ ಮಾತ್ರಕ್ಕೆ ನೋಟ ಊಹೆಯಾಗುತ್ತದೆಯೇ? ಆಗುವುದಿಲ್ಲ. ಆದರೆ ವ್ಯತ್ಯಾಸ ಯಂತ್ರದಲ್ಲಿಲ್ಲ, ವ್ಯಾಪ್ತಿಯಲ್ಲಿದೆ. ಹೊಗೆಯಿದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ ಎಂಬ ತಪ್ಪದ ನಂಟಿಗೆ ನ್ಯಾಯಶಾಸ್ತ್ರ ವ್ಯಾಪ್ತಿ ಎನ್ನುತ್ತದೆ. ಬಿಳಿ ಚುಕ್ಕೆಯಿದ್ದಲ್ಲೆಲ್ಲ ಎಂಎಸ್ ಇರುತ್ತದೆಯೇ? ಇಲ್ಲ. ಅರೆತಲೆನೋವಿನವರಲ್ಲಿ ಚುಕ್ಕೆಗಳಿರುತ್ತವೆ, ಬಿಪಿ ಸಕ್ಕರೆ ಕಾಯಿಲೆ ಇರುವವರಲ್ಲಿ ಇರುತ್ತವೆ, ವಯಸ್ಸಾದವರಲ್ಲಿ ಬರೀ ವಯಸ್ಸಾದ್ದಕ್ಕೇ ಇರುತ್ತವೆ. ನ್ಯಾಯಸೂತ್ರದಲ್ಲೇ ಇಂಥ ಪೂರ್ವಪಕ್ಷವೊಂದಿದೆ. ನದಿ ತುಂಬಿ ಬಂದದ್ದು ಕಂಡು ಮೇಲ್ಗಡೆ ಮಳೆಯಾಗಿದೆ ಎಂದು ಊಹಿಸುತ್ತೀರಲ್ಲ, ಎಲ್ಲೋ ಕಟ್ಟೆ ಕಟ್ಟಿ ತಡೆದದ್ದರಿಂದಲೂ ಹೊಳೆ ಉಬ್ಬಬಹುದಲ್ಲ ಎಂದು ಎದುರುವಾದಿ ಕೇಳುತ್ತಾನೆ. ಚಳ್ಳಕೆರೆಯವರಿಗೆ ಇದು ಪುಸ್ತಕದ ಉದಾಹರಣೆಯಲ್ಲ. ಪರಶುರಾಂಪುರದ ಬಳಿ ವರ್ಷದ ಬಹುಪಾಲು ಮರಳಾಗಿ ಮಲಗಿರುವ ವೇದಾವತಿಯಲ್ಲಿ ನೀರು ಕಂಡರೆ ಮಳೆ ಬಂತೋ, ಹಿರಿಯೂರು ಕಡೆಯ ವಾಣಿವಿಲಾಸ ಸಾಗರದಿಂದ ಬಂತೋ ಎಂದು ಕೇಳಲೇಬೇಕು. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಸೂತ್ರಕಾರರ ಉತ್ತರ ಚೆನ್ನಾಗಿದೆ: ನಾವು ಊಹಿಸುವುದು ಬರೀ ಉಬ್ಬನ್ನು ನೋಡಿಯಲ್ಲ, ಒಂದು ಬಗೆಯ ಉಬ್ಬನ್ನು ನೋಡಿ. ಭಾಷ್ಯಕಾರ ವಾತ್ಸ್ಯಾಯನ ಅದನ್ನು ಬಿಡಿಸಿ ಸೆಳೆತ, ನೊರೆ, ತೇಲಿ ಬರುವ ಎಲೆ ಕಾಯಿ ಕಟ್ಟಿಗೆ ಎಂದು ಗುರುತುಗಳನ್ನು ಪಟ್ಟಿ ಮಾಡುತ್ತಾನೆ. ಒಳ್ಳೆಯ ರೇಡಿಯಾಲಜಿಸ್ಟ್ ಮಾಡುವುದು ಇದನ್ನೇ. ಚುಕ್ಕೆ ಇದೆ ಎಂಬುದಕ್ಕೆ ಬೆಲೆ ಕಡಿಮೆ. ಅದು ಮೆದುಳಿನ ನೀರುಕೋಣೆಗಳ ಅಂಚಿಗೆ ಲಂಬವಾಗಿ ಮೊಟ್ಟೆಯಾಕಾರದಲ್ಲಿ ನಿಂತಿದೆಯೇ, 1916ರಲ್ಲಿ ಜೇಮ್ಸ್ ಡಾಸನ್ ಸೂಕ್ಷ್ಮದರ್ಶಕದಲ್ಲಿ ಕಂಡ ಬೆರಳುಗಳ ಹಾಗೆ? ನಡುವೆ ಸಣ್ಣ ಅಭಿಧಮನಿಯ ಗೆರೆಯಿದೆಯೇ? ಈ ನೊರೆ, ಈ ಎಲೆ ಕಟ್ಟಿಗೆಗಳೇ ಚುಕ್ಕೆಯನ್ನು ಸಾಕ್ಷಿಯಾಗಿಸುವುದು. ಇಲ್ಲಿ ಎಡವಿದರೆ ನಷ್ಟ ದೊಡ್ಡದು. ಎಂಎಸ್‌ನ ದಾಯಾದಿಯಂತಿರುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ಕಾಯಿಲೆಗೆ ಎಂಎಸ್‌ನ ಔಷಧವಾದ ಇಂಟರ್‌ಫೆರಾನ್ ಕೊಟ್ಟರೆ ಅದು ಉಲ್ಬಣಿಸಬಹುದು.

ಹಾಗೆಂದು ಚಿತ್ರ ಬರೀ ಊಹೆ, ರೋಗಿಯ ಅನುಭವವೇ ಪರಮಪ್ರಮಾಣ ಎಂದು ಹೊರಟರೆ ಆಗುವುದು ಇನ್ನೊಂದು ಅನ್ಯಾಯ. 1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ತಂಡ ಹತ್ತು ಮಂದಿ ಎಂಎಸ್ ರೋಗಿಗಳನ್ನು ಸಿಟಿ ಸ್ಕ್ಯಾನಿನಲ್ಲೂ ಆಗಷ್ಟೇ ಹುಟ್ಟಿದ ಈ ಹೊಸ ಯಂತ್ರದಲ್ಲೂ ನೋಡಿತು. ಸಿಟಿಯಲ್ಲಿ 19 ಗಾಯ ಕಂಡಿದ್ದವು. ಹೊಸ ಯಂತ್ರ ಇನ್ನೂ 112 ತೋರಿಸಿತು. ಮುಂದೆ ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುತ್ತ ಹೋದವರಿಗೆ ಗೊತ್ತಾದದ್ದು ಇನ್ನೂ ಬೆಚ್ಚಿಬೀಳಿಸುವ ಸಂಗತಿ. ರೋಗಿಗೆ ತಿಳಿಯುವಂತೆ ಒಂದು ಸಲ ರೋಗ ಮರುಕಳಿಸುವಷ್ಟರಲ್ಲಿ ಅವರ ತಲೆಯೊಳಗೆ ಐದರಿಂದ ಹತ್ತು ಹೊಸ ಗಾಯ ಸದ್ದಿಲ್ಲದೆ ಆಗಿಹೋಗಿರುತ್ತವೆ. ಮೆದುಳಿನಲ್ಲಿ ಬಳಸು ದಾರಿಗಳಿವೆ, ಒಂದು ಕಡಿದರೆ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ, ರೋಗಿಗೆ ತಾನು ಚೆನ್ನಾಗಿಯೇ ಇದ್ದೇನೆ ಎನ್ನಿಸುತ್ತದೆ. ಕಂಡದ್ದನ್ನಷ್ಟೇ ನಂಬುವೆ, ಅನುಮಾನ ಒಪ್ಪೆ ಎಂದ ಚಾರ್ವಾಕ ಎಂಎಸ್ ರೋಗಿಯಾಗಿದ್ದರೆ ಬಳಸು ದಾರಿಗಳೆಲ್ಲ ಮುಗಿಯುವ ತನಕ ಔಷಧ ಮುಟ್ಟುತ್ತಿರಲಿಲ್ಲ. 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಒಪ್ಪಿಗೆ ಪಡೆದದ್ದರ ಹಿಂದೆ ರೋಗಿಗಳ ಹೇಳಿಕೆಯ ಜೊತೆಗೆ ಚಿತ್ರಗಳ ಸಾಕ್ಷ್ಯವೂ ಇತ್ತು. ಇಂದು ಔಷಧ ಸಾಲುತ್ತಿದೆಯೇ, ಬದಲಿಸಬೇಕೇ ಎಂಬ ತೀರ್ಮಾನವನ್ನು ಹಳೆಯ ಸ್ಕ್ಯಾನ್ ಪಕ್ಕ ಹೊಸದನ್ನಿಟ್ಟು ಹೋಲಿಸದೆ ಮಾಡುವುದು ಕಷ್ಟ. ನೋವಾಗದ ಗಾಯ ಗಾಯವೇ ಅಲ್ಲ ಎಂಬ ವಾದ ತತ್ತ್ವದಲ್ಲಿ ಚಂದ. ನಾಳೆ ನಡೆಯಬೇಕಾದ ಕಾಲಿಗೆ ಅದು ಉತ್ತರವಾಗದು. ರೋಗಿಯ ಅನುಭವಕ್ಕೆ ಇಂದಿನ ಮೇಲೆ ಇರುವ ಅಧಿಕಾರ ನಾಳೆಯ ಮೇಲೆ ಇಲ್ಲ.

ಇನ್ನು ತಿರುಗುಮುರುಗಾದ ಸಂದರ್ಭಕ್ಕೆ ಬರೋಣ, ನನ್ನ ವಾದದ ಭಾರವೆಲ್ಲ ಇರುವುದು ಇಲ್ಲಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗದ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಕುಣಿಗೆ ಕಾಲು ಇಳಿಬಿಟ್ಟು ತುಳಿಗೋಲು ತುಳಿಯುವ ಕೆಲಸ, ಪಕ್ಕದಲ್ಲಿ ರಾಟೆ ತಿರುಗಿಸಿ ಕಂಡಿಕೆ ಸುತ್ತುವ ಕೆಲಸ. ಅಲ್ಲಿ ದುಡಿಯುವ ಹೆಣ್ಣುಮಗಳಿಗೆ ಎಂಎಸ್ ಇದೆ ಎನ್ನಿ. ಬೆಳಗ್ಗೆ ಸರಿಯಿದ್ದ ಕಾಲು ಆ ಹೊತ್ತಿಗೆ ತನ್ನದಲ್ಲದಂತಾಗುತ್ತದೆ, ಎಳೆ ಕಣ್ಣಿಗೆ ಮಸುಕಾಗುತ್ತದೆ, ಸಂಜೆ ತಂಪಾದ ಮೇಲೆ ಮತ್ತೆ ಸರಿ. ಹೊದಿಕೆ ಹೋದ ನರದಲ್ಲಿ ಮೈಬಿಸಿ ಅರ್ಧ ಡಿಗ್ರಿ ಏರಿದರೂ ಸಂದೇಶ ಸಾಗದೆ ನಿಲ್ಲಬಹುದು. ಮೈ ದಣಿದಾಗ ಇಂಥವರ ಕಣ್ಣು ಮಸುಕಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ಗುರುತಿಸಿದ್ದ. ಈ ಹೊತ್ತಿನಲ್ಲಿ ಸ್ಕ್ಯಾನ್ ಮಾಡಿದರೆ ಹೊಸ ಗಾಯ ಒಂದೂ ಕಾಣುವುದಿಲ್ಲ, ಆಗಿಯೂ ಇರುವುದಿಲ್ಲ. ಆದರೂ ಅವಳ ಕಾಲು ಬಿದ್ದದ್ದು ನಿಜ, ಆ ದಿನದ ಕೂಲಿ ಹೋದದ್ದು ನಿಜ. ಇನ್ನು ಸುಸ್ತು. ಈ ರೋಗದವರು ಹೇಳುವ ಸುಸ್ತು ನಿದ್ದೆಯಿಂದ ಹೋಗುವುದಲ್ಲ, ಎಷ್ಟೋ ಜನರಿಗೆ ಅದೇ ಎಲ್ಲಕ್ಕಿಂತ ದೊಡ್ಡ ಕಾಟ. ಚಿತ್ರದಲ್ಲಿ ಇದೇ ಸುಸ್ತು ಎಂದು ತೋರುಬೆರಳಿಡಲು ಒಂದು ಚುಕ್ಕೆಯೂ ಇಲ್ಲ. ಗಾಯಗಳ ಮೊತ್ತಕ್ಕೂ ರೋಗಿಯ ಅಶಕ್ತತೆಗೂ ನಂಟು ಇಷ್ಟು ಸಡಿಲವೇಕೆ ಎಂಬುದು ಈ ಕ್ಷೇತ್ರದವರನ್ನು ದಶಕಗಳಿಂದ ಕಾಡಿದ ಒಗಟು.

ಈ ಒಗಟಿಗೆ ನಮ್ಮ ಭಾಟ್ಟ ಮೀಮಾಂಸಕರ ಬಳಿ ಹದವಾದ ಉಪಕರಣವೊಂದಿದೆ. ಇಲ್ಲದಿರುವುದನ್ನು ಹೇಗೆ ತಿಳಿಯುತ್ತೇವೆ ಎಂದು ಅವರು ಕೇಳಿಕೊಂಡರು. ನೆಲದ ಮೇಲೆ ಗಡಿಗೆ ಇಲ್ಲ ಎಂದು ತಿಳಿಯುವುದು ಅದು ಕಾಣದ್ದರಿಂದ. ಕಾಣದಿರುವುದೂ ಒಂದು ಪ್ರಮಾಣ, ಅದಕ್ಕೆ ಅನುಪಲಬ್ಧಿ ಎಂದರು. ಅದಕ್ಕೊಂದು ಷರತ್ತು ಹಾಕಿದರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವಾದರೆ ಮಾತ್ರ. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲ ಎಂಬುದು ಗಡಿಗೆ ಇಲ್ಲ ಎಂಬುದಕ್ಕೆ ಆಧಾರವಲ್ಲ. ದೆವ್ವ ಕಾಣಲಿಲ್ಲ ಎಂಬುದರಿಂದ ದೆವ್ವ ಇಲ್ಲ ಎಂದೂ ಸಾಧಿಸಲಾಗದು, ಕಾಣುವ ಯೋಗ್ಯತೆ ಅದಕ್ಕಿದೆ ಎಂದು ಯಾರೂ ಹೇಳಿಲ್ಲ. ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂಬ ವಾಕ್ಯಕ್ಕೆ ಈ ಷರತ್ತು ಹಚ್ಚಿ ನೋಡಬೇಕು. ಮೆದುಳಿನ ಒಳಗಿನ ಬಿಳಿದ್ರವ್ಯದಲ್ಲಿ ಹೊಸ ಉರಿಯೂತವಿದ್ದರೆ ಆ ಯಂತ್ರದಲ್ಲಿ ಕಾಣುತ್ತಿತ್ತು. ಆದ್ದರಿಂದ ಅದು ಇಲ್ಲ ಎಂಬುದು ಸಿದ್ಧ. ಮೆದುಳಿನ ಹೊರಪದರದ ಗಾಯ ಸಾಮಾನ್ಯ ಯಂತ್ರದಲ್ಲಿ ಬಹುಪಾಲು ಕಾಣುವುದೇ ಇಲ್ಲ. ಬೆನ್ನುಹುರಿಯನ್ನು ಸ್ಕ್ಯಾನ್ ಮಾಡಿಯೇ ಇಲ್ಲದಿರಬಹುದು. ಬಿಸಿಗೆ ನಿಂತುಹೋದ ಸಂದೇಶ, ಸುಸ್ತು ಇವು ಚಿತ್ರಕ್ಕೆ ಸಿಕ್ಕುವ ಜಾತಿಯವೇ ಅಲ್ಲ. ಇವುಗಳ ವಿಷಯದಲ್ಲಿ ಚಿತ್ರದ ಮೌನ ಬರೀ ಮೌನ. ಅಲ್ಲಿ ಉಳಿಯುವ ಪ್ರಮಾಣ ಶಬ್ದವೊಂದೇ, ಬಲ್ಲವರ ಮಾತು. ಆ ಕಾಲಿನ ವಿಷಯ ಬಲ್ಲವರು ಆ ಕಾಲಿನ ಮೇಲೆ ನಿಲ್ಲುವವರು. (ಚಳ್ಳಕೆರೆ ಸುತ್ತಿನ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲಿನ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋದಾಗ ಎದ್ದ ತಕರಾರಿನಲ್ಲೂ ಇದರ ನೆರಳಿತ್ತು. ಕಾಗದದ ಮೇಲೆ ಖಾಲಿಯಾಗಿ ಕಂಡ ನೆಲ ಕುರಿ ಮೇಯಿಸುವವರಿಗೆ, ಕಂಬಳಿ ನೇಯುವವರಿಗೆ ಖಾಲಿಯಾಗಿರಲಿಲ್ಲ. ಹುಲ್ಲುಗಾವಲನ್ನು ಕಾಣುವ ಯೋಗ್ಯತೆ ಆ ಕಾಗದಕ್ಕೆ ಇತ್ತೇ ಎಂಬುದು ಕೇಳಬೇಕಾದ ಪ್ರಶ್ನೆಯಾಗಿತ್ತು.)

ಯಂತ್ರ ಇನ್ನಷ್ಟು ಚುರುಕಾದರೆ ಈ ಕಂದರ ತಾನಾಗಿ ಮುಚ್ಚುತ್ತದೆ, ಇದಕ್ಕೆ ಮೀಮಾಂಸೆ ಯಾಕೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. 7 ಟೆಸ್ಲಾ ಯಂತ್ರಗಳಲ್ಲಿ ಹೊರಪದರದ ಗಾಯಗಳು ಕಾಣತೊಡಗಿವೆ. ಹಳೆಯದೆಂದು ಬಿಟ್ಟಿದ್ದ ಕೆಲವು ಗಾಯಗಳ ಅಂಚಿನಲ್ಲಿ ಕಬ್ಬಿಣ ತುಂಬಿದ ಕಣಗಳ ಉಂಗುರವಿದೆ, ಬೂದಿಯಡಿಯ ಕೆಂಡದಂತೆ ಅವು ವರ್ಷಗಟ್ಟಲೆ ಒಳಗೊಳಗೇ ಹಬ್ಬುತ್ತವೆ ಎಂದು ಗೊತ್ತಾಗಿದೆ. ಮೆದುಳು ವರ್ಷಕ್ಕೆ ಎಷ್ಟು ಕುಗ್ಗಿತು ಎಂದು ಅಳೆಯುತ್ತಾರೆ. ಆದರೆ ಇವನ್ನೆಲ್ಲ ಹುಡುಕಲು ಹೊರಟದ್ದು ಯಾಕೆ? ಹೊಸ ಗಾಯ ಇಲ್ಲದಿದ್ದರೂ, ರೋಗ ಮರುಕಳಿಸದಿದ್ದರೂ ನನ್ನ ನಡಿಗೆ ಕೆಡುತ್ತಲೇ ಇದೆ ಎಂದು ರೋಗಿಗಳು ಹೇಳುತ್ತಲೇ ಬಂದರು, ಅದನ್ನು ಸುಳ್ಳೆನ್ನದ ಕೆಲವರು ಯಂತ್ರದ ಕಡೆ ತಿರುಗಿ ನಿನ್ನಲ್ಲೇನು ಕೊರತೆ ಎಂದು ಕೇಳಿದರು. ಮಾತಿನ ಪ್ರಮಾಣವನ್ನು ತಳ್ಳಿಹಾಕಿದ್ದರೆ ಚಿತ್ರದ ಪ್ರಮಾಣ ಇಷ್ಟು ಬೆಳೆಯುತ್ತಿರಲಿಲ್ಲ. ಮುಂದಿನ ಯಂತ್ರಕ್ಕೂ ಕಾಣದ್ದೊಂದು ಇದ್ದೇ ಇರುತ್ತದೆ, ಅದು ಗೊತ್ತಾಗುವುದೂ ಇದೇ ದಾರಿಯಿಂದ.

ಇನ್ನೊಂದು ಆಕ್ಷೇಪ ಧರ್ಮದ ಕಡೆಯಿಂದ ಬರುತ್ತದೆ. ಎಲ್ಲ ಹಣೆಬರಹ, ನೋಡಿ ಏನಾಗಬೇಕು? ತಲೆನೋವಿಗೆಂದು ಸ್ಕ್ಯಾನ್ ಮಾಡಿಸಿದವರಲ್ಲಿ ಯಾವ ಲಕ್ಷಣವೂ ಇಲ್ಲದೆ ಎಂಎಸ್‌ನದೇ ರೂಪದ ಚುಕ್ಕೆಗಳು ಸಿಗುವುದುಂಟು. 2009ರಲ್ಲಿ ಇದಕ್ಕೊಂದು ಹೆಸರನ್ನೂ ಇಟ್ಟರು. ಹಣೆಯ ಹಿಂದಿನ ಬರಹ ಬಿಳಿ ಅಕ್ಷರದಲ್ಲಿ ಕಂಡಂತೆಯೇ ಸರಿ. ಆ ಬರಹ ಹೇಳುವುದೇನು? ಇಂಥವರಲ್ಲಿ ಐದು ವರ್ಷದೊಳಗೆ ಮೂರರಲ್ಲೊಂದು ಪಾಲು, ಹತ್ತು ವರ್ಷದೊಳಗೆ ಅರ್ಧದಷ್ಟು ಮಂದಿಗೆ ಲಕ್ಷಣ ಕಾಣಿಸಿಕೊಳ್ಳುತ್ತದೆ. ಉಳಿದ ಅರ್ಧಕ್ಕೆ ಹತ್ತು ವರ್ಷವೂ ಏನೂ ಆಗುವುದಿಲ್ಲ. ಲಕ್ಷಣವಿಲ್ಲದ ಇಂಥವರಿಗೆ ಡೈಮೀಥೈಲ್ ಫ್ಯೂಮರೇಟ್ ಎಂಬ ಮಾತ್ರೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಮೊದಲ ಲಕ್ಷಣ ಬರುವ ಅಪಾಯ ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. ಅರ್ಧ ಮಂದಿಯಲ್ಲಿ ಸುಳ್ಳಾಗುವ, ಮಾತ್ರೆಗೆ ಅಳಿಸಿಹೋಗುವ ಬರಹವನ್ನು ಹಣೆಬರಹ ಎನ್ನಲು ಬ್ರಹ್ಮನೂ ಒಪ್ಪಲಾರ. ಕರ್ಮದ ಲೆಕ್ಕದಲ್ಲಿ ನಂಬಿಕೆಯುಳ್ಳವರೂ ಪ್ರಾರಬ್ಧದ ಜೊತೆ ಆಗಾಮಿ ಎಂಬ ಖಾತೆಯನ್ನು ತೆರೆದಿಟ್ಟಿದ್ದಾರೆ, ಈಗ ಮಾಡುವುದು ಅದಕ್ಕೆ ಜಮೆ. ಆದರೆ ಇನ್ನೂ ಏನೂ ಆಗದವರಿಗೆ ಈ ಸುದ್ದಿ ಹೇಳುವಾಗ ವೈದ್ಯರು ಕೊಡುತ್ತಿರುವುದು ಅನುಮಾನ, ಅದನ್ನು ವಿಧಿಯ ದನಿಯಲ್ಲಿ ಹೇಳಿದರೆ ಮನೆಯಲ್ಲಿ ಮದುವೆ ಮಾತುಕತೆ ನಿಲ್ಲುತ್ತದೆ, ಕೆಲಸ ಬಿಡಿಸುತ್ತಾರೆ, ರೋಗಕ್ಕಿಂತ ಮೊದಲೇ ರೋಗಿ ಹುಟ್ಟುತ್ತಾಳೆ.

ಹೀಗಾಗಿ ಕೊನೆಗೆ ವಿಷಯ ಬಂದು ನಿಲ್ಲುವುದು ಒಂದು ವಾಕ್ಯದಲ್ಲಿ. ಡಾಕ್ಟ್ರೆ, ಕಾಲು ಎಳೀತಾವೆ ಎಂದವಳಿಗೆ ಫಿಲ್ಮು ಬೆಳಕಿಗೆ ಹಿಡಿದು ಏನೂ ಇಲ್ಲಮ್ಮ, ಎಲ್ಲಾ ನಾರ್ಮಲ್ ಎನ್ನಬಹುದು. ಹೋದ ಸಲಕ್ಕೆ ಹೋಲಿಸಿದರೆ ಹೊಸ ಗಾಯ ಕಾಣಲಿಲ್ಲಮ್ಮ, ಕಾಲಿನದು ಯಾವ ಹೊತ್ತಿಗೆ ಜಾಸ್ತಿ ಹೇಳು ಎಂದೂ ಅನ್ನಬಹುದು. ಎರಡಕ್ಕೂ ಹಿಡಿಯುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಈ ಎರಡನೇ ರೀತಿ ಶಾಸನ ಓದಿದವರಿಗೂ ಗೊತ್ತಿತ್ತು. ಬ್ರಹ್ಮಗಿರಿಯದೇ ಶಾಸನದ ಇನ್ನೊಂದು ಪ್ರತಿ ಅಲ್ಲೇ ಹತ್ತಿರದ ಜಟಿಂಗರಾಮೇಶ್ವರ ಬೆಟ್ಟದ ಮೇಲಿದೆ. ಜಾತ್ರೆಯಲ್ಲಿ ಬಳೆ ಮಾರುವವರು ಕೂರುತ್ತಿದ್ದ ಆ ಬಂಡೆಗೆ ಬಳೆಗಾರ ಗುಂಡು ಎಂದೇ ಹೆಸರು. ಅಲ್ಲಿನ ಸಾಲುಗಳು ತೀರ ಸವೆದಿವೆ. ಓದಿದವರು ಬ್ರಹ್ಮಗಿರಿ ಮತ್ತು ನೆರೆಯ ಸಿದ್ದಾಪುರದ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋದ ಅಕ್ಷರಗಳಲ್ಲಿ ಸಾಧ್ಯವಾದಷ್ಟನ್ನು ಊಹಿಸಿದರು. ಊಹೆಗೂ ನಿಲುಕದ ಕಡೆ ಇಲ್ಲಿ ಅಕ್ಷರವಿರಲಿಲ್ಲ ಎಂದು ಬರೆಯಲಿಲ್ಲ. ಚುಕ್ಕೆಗಳನ್ನಿಟ್ಟು ಮುಂದಿನ ಸಾಲಿಗೆ ಹೋದರು.